ಹೇಳಿ ಹೊಡೆಯುವ ಆಟ

ಟಿವಿ ಅಕ್ಕನ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಕೂಡಿಸುವ ಲೆಕ್ಕದ ಚಿಹ್ನೆಯಂಥ ಒಂದು ಗುರುತಿತ್ತು. ವಿಡಿಯೋ ಗೇಮಿನ ಹ್ಯಾಂಡಲ್ ಮೇಲೆ ಅದೇ ಆಕಾರದ ಗುಂಡಿ ಇರುತ್ತದೆ. ಅದನ್ನು ಒತ್ತಿ ಒತ್ತಿ ಚರ್ಮ ಜಡ್ಡುಗಟ್ಟಿತ್ತು. ಬಲಗೈ ಬೆರಳುಗಳ ತುಂಬ ಸೋಲ್ಡರಿಂಗ್ ಕಡ್ಡಿ ತಾಗಿದ ಸಣ್ಣ ಸಣ್ಣ ಸುಟ್ಟ ಕಲೆಗಳು. ಹುಬ್ಬುಗಳ ನಡುವೆ ಎರಡು ಗೆರೆ. ಸಿಟ್ಟು ಇಳಿದ ಮೇಲೂ ಆ ಗೆರೆ ಇಳಿಯುತ್ತಿರಲಿಲ್ಲ. ಹಾಗೆ ನೋಡಿದರೆ ಸಿಟ್ಟಿಲ್ಲದ ಅಕ್ಕನನ್ನು ನಾನು ಕಂಡದ್ದೇ ಕಡಿಮೆ.

ಈಗ ಸಿಂಧನೂರಿನ ಹಳಬರು ಯಾರಾದರೂ "ಭಾಳ ಚಲೋ ಹೆಣಮಗಳಿದ್ಲರಿ" ಎಂದರೆ ನನಗೆ ಮೈ ಉರಿಯುತ್ತದೆ. ಆಕೆ ಊರಲ್ಲಿದ್ದಾಗ ಒಬ್ಬರೂ ಹಾಗೆ ಅನ್ನಲಿಲ್ಲ. ಅನ್ನಲೇಬೇಕಾಗಿದ್ದ ಒಂದು ದಿನ ನಾನೂ ಅನ್ನಲಿಲ್ಲ. ಈ ಬರಹದಲ್ಲಿ ಸಿಟ್ಟು ಹೆಚ್ಚಾಗಿ ಕಂಡರೆ ಅದರಲ್ಲಿ ಅರ್ಧ ನನ್ನ ಮೇಲಿನದೇ ಎಂದು ಓದುವವರು ತಿಳಿಯಬೇಕು.

ತೊಂಬತ್ತರ ದಶಕದ ನಡುವಿನ ಮಾತು. ನನ್ನದು ಮಸ್ಕಿ. ಬಿ.ಎಡ್. ಮುಗಿಸಿ ಸಿಂಧನೂರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಶಾಲೆ ಬಿಡುವುದು ನಾಲ್ಕೂವರೆಗೆ, ಮಸ್ಕಿಗೆ ನನಗೆ ಅನುಕೂಲವಾದ ಬಸ್ಸು ಆರಕ್ಕೆ. ನಡುವಿನ ಒಂದೂವರೆ ತಾಸು ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಲ್ಲುತ್ತಿದ್ದೆ. ಭತ್ತ ಬರುವ ದಿನಗಳಲ್ಲಿ ರಸ್ತೆ ತುಂಬ ಟ್ರ್ಯಾಕ್ಟರುಗಳು, ಗಿರಣಿಗಳಿಂದ ಹಾರಿಬರುವ ತೌಡಿನ ಧೂಳು, ಬೇಕೆಂದೇ ಮೈಗೆ ತಾಗಿಕೊಂಡು ಹೋಗುವ ಗಂಡಸರು. ಚೀಲವನ್ನು ಎದೆಗೆ ಅವಚಿಕೊಂಡು ನೆಲ ನೋಡುತ್ತ ನಿಲ್ಲುವುದು ನನಗೆ ರೂಢಿಯಾಗಿತ್ತು.

ಒಂದು ದಿನ ಎದುರಿನ ಟಿವಿ ರಿಪೇರಿ ಅಂಗಡಿಯಿಂದ ಒಬ್ಬ ಹೆಂಗಸು ಕೂಗಿದಳು.

"ಟೀಚರ್, ಅಲ್ಲಿ ನಿಂತು ಯಾರ ದಾರಿ ನೋಡಾಕತ್ತೀರಿ?"

"ಮಸ್ಕಿ ಬಸ್ಸಿಂದ್ರಿ."

"ಬಸ್ಸು ಬಂದ್ರ ಇಲ್ಲಿಂದನೂ ಕಾಣ್ತೈತಿ. ಒಳಗ ಬಂದು ಕುಂದರ್ರಿ. ಆ ಮಂದಿ ನಿಮ್ಮನ್ನ ನೋಡೂದು ನೋಡಿ ನನಗ ಸಿಟ್ಟು ಬರಾಕತ್ತೈತಿ."

ಊರವರು ಟಿವಿ ಅಕ್ಕ ಎನ್ನುತ್ತಿದ್ದದ್ದು ಅವಳಿಗೇ. ಆಗ ಆಕೆಗೆ ನಲವತ್ತರ ಆಸುಪಾಸು. ತವರು ಲಿಂಗಸುಗೂರು. ಗಂಡ ರೇಡಿಯೋ, ಟಿವಿ ಮೆಕ್ಯಾನಿಕ್. ಕಾಮಾಲೆಯಾಗಿ ಮೂರೇ ತಿಂಗಳಲ್ಲಿ ತೀರಿಕೊಂಡಿದ್ದ. ಅವನ ಪಕ್ಕ ಕೂತು ನೋಡಿ ಕಲಿತ ಕೆಲಸವನ್ನು ಅಕ್ಕ ಬಿಡಲಿಲ್ಲ. ಕೆಟ್ಟ ಟಿವಿ ಹೊತ್ತು ತಂದವರು "ಮೆಕ್ಯಾನಿಕ್ ಎಲ್ಲಿ ಹೋಗ್ಯಾನ?" ಎಂದು ಕೇಳಿದರೆ "ನಿಮ್ಮ ಮುಂದ ನಿಂತಾಳ" ಎನ್ನುತ್ತಿದ್ದಳು. ಹಾಗೆ ಹೇಳುವಾಗ ನಗುತ್ತಿರಲಿಲ್ಲ. ಎಷ್ಟೋ ಜನ ಟಿವಿ ಎತ್ತಿಕೊಂಡು ವಾಪಸ್ ಹೋದರು. ಹೋದವರಲ್ಲಿ ಕೆಲವರು ಬೇರೆ ಕಡೆ ಇನ್ನಷ್ಟು ಕೆಡಿಸಿಕೊಂಡು ಮತ್ತೆ ಬಂದರು. ಅಂಥವರಿಗೆ ಅಕ್ಕ ಮೊದಲು ನೀರು ಕೊಟ್ಟು, ಆಮೇಲೆ ಬೈಯುತ್ತಿದ್ದಳು.

ಅಂಗಡಿಯ ಹಿಂಭಾಗದಲ್ಲಿ ಹಲಗೆ ಅಡ್ಡಕಟ್ಟಿ ಮೂರು ಟಿವಿ ಇಟ್ಟು ವಿಡಿಯೋ ಗೇಮ್ ನಡೆಸುತ್ತಿದ್ದಳು. ಕಾಲೇಜು ಹುಡುಗರು, ಲಾರಿ ಡ್ರೈವರುಗಳು, ಪಾಳಿ ಮುಗಿದ ಗಿರಣಿ ಹಮಾಲರು ಬರುತ್ತಿದ್ದರು. ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ್ದಳು. ಶಾಲೆಯ ವೇಳೆಯಲ್ಲಿ ಶಾಲೆ ಮಕ್ಕಳಿಗೆ ಪ್ರವೇಶವಿಲ್ಲ, ಪಣ ಕಟ್ಟಿದವರನ್ನು ಹೊರಗೆ ಹಾಕಲಾಗುವುದು. ಅದು ಬರೀ ರಟ್ಟಿನ ಮಾತಾಗಿರಲಿಲ್ಲ. ಐದು ರೂಪಾಯಿ ಪಣ ಕಟ್ಟಿದ ಇಬ್ಬರು ದೊಡ್ಡ ಗಂಡಸರನ್ನು ರಟ್ಟೆ ಹಿಡಿದು ಹೊರಗೆ ನೂಕಿದ್ದನ್ನು ನಾನೇ ಕಂಡಿದ್ದೇನೆ.

ಹೈದರಾಬಾದಿಗೆ ಬಿಡಿಭಾಗ ತರಲು ಹೋದಾಗ ರಾಶಿಯಲ್ಲಿ ಸಿಕ್ಕ ಒಂದು ಗೇಮ್ ಕ್ಯಾಸೆಟ್ಟನ್ನು ಅಕ್ಕ ತಂದಿದ್ದಳು. ಅದರ ಮೇಲೆ ಗುಡ್ಡದ ತುದಿಯಲ್ಲಿ ನಿಂತ ಒಬ್ಬ ಹುಡುಗ, ಒಬ್ಬ ಹುಡುಗಿಯ ಚಿತ್ರ. ಹೆಸರೆಲ್ಲ ಜಪಾನಿ ಅಕ್ಷರ. ಉಳಿದ ಕ್ಯಾಸೆಟ್ಟುಗಳಲ್ಲಿ ಬಲಕ್ಕೆ ಓಡುವುದು, ಗುಂಡು ಹೊಡೆಯುವುದು, ಅಷ್ಟೇ. ಇದು ಬೇರೆ. ಕತ್ತಿ ಹಿಡಿದ ಹುಡುಗ ಊರಿಂದೂರಿಗೆ ಹೋಗುತ್ತಾನೆ. ಊರಿನವರ ಕೂಡ ಮಾತಾಡುತ್ತಾನೆ, ಔಷಧ ಕೊಳ್ಳುತ್ತಾನೆ, ಗುರಾಣಿ ಬದಲಿಸುತ್ತಾನೆ. ಊರ ಹೊರಗೆ ಏಡಿ, ಕಪ್ಪೆ, ಕಲ್ಲಿನ ಭೂತಗಳು. ಹೊಡೆದು ಕೆಡವಿದಷ್ಟೂ ಹುಡುಗನ ಬಲ ಏರುತ್ತದೆ. ಹೋರಾಟ ಮಾತ್ರ ಆಡುವವರ ಕೈಯಲ್ಲೇ. ಗುಂಡಿ ಒತ್ತಿದ ಕ್ಷಣಕ್ಕೆ ಕತ್ತಿ ಬೀಸಬೇಕು, ಸರಿದು ತಪ್ಪಿಸಿಕೊಳ್ಳಬೇಕು. ಭಾಷೆ ಬಾರದ್ದಕ್ಕೆ ಗಿರಾಕಿಗಳು ಯಾರೂ ಅದನ್ನು ಮುಟ್ಟಲಿಲ್ಲ. ರಿಪೇರಿಯಾದ ಟಿವಿ ಪರೀಕ್ಷೆ ಮಾಡಲು ಅಕ್ಕ ಒಂದು ದಿನ ಹಾಕಿದವಳು ಅದರಲ್ಲಿ ಸಿಕ್ಕಿಬಿದ್ದಳು.

ನಾನು ಹೋದ ಎರಡನೆಯ ವಾರವೋ ಏನೋ, ಆಡುತ್ತ ಕೂತವಳು ಪರದೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು. "ನೀ ಕನ್ನಡ ಟೀಚರ್ ಅಲ್ಲೇನು? ನಾ ಹೇಳ್ತೀನಿ, ಬರಕೊ. ಈ ಆಟದಾಗ ಚಲೋ ಏನೈತಿ, ಖರಾಬ್ ಏನೈತಿ, ಎಲ್ಲಾ ಬರೀಬೇಕು."

"ಯಾರಿಗರಿ ಅಕ್ಕಾ?"

"ಆಡಾಕ ಬರೂ ಮಂದಿಗೆ ಗೊತ್ತಾಗಬೇಕು. ಇದನ್ನ ಕಟ್ಟಿದವ್ರಿಗೂ ಯಾರರ ಹೇಳಬೇಕಲ್ಲ."

ಕಟ್ಟಿದವರು ಜಪಾನಿನಲ್ಲಿ ಎಲ್ಲಿದ್ದರೋ, ಅವರಿಗೆ ಸಿಂಧನೂರಿನ ಹೆಂಗಸೊಬ್ಬಳ ಮಾತು ಹೇಗೆ ಮುಟ್ಟೀತು ಎಂದು ನಾನು ಕೇಳಲಿಲ್ಲ. ನೋಟ್ ಬುಕ್ಕಿನ ಎಡಪುಟದಲ್ಲಿ ಚಲೋ, ಬಲಪುಟದಲ್ಲಿ ಖರಾಬ್ ಎಂದು ತಲೆಬರಹ ಬರೆದೆ.

ಎಡಪುಟದ ಮೊದಲ ಮಾತು ಏಡಿಯದು. ಮೊದಲನೇ ಬಯಲಿನ ಕೊನೆಗೆ ಗುಡಿಸಲಿನಷ್ಟು ದೊಡ್ಡ ಏಡಿ ದಾರಿ ಕಟ್ಟಿ ನಿಲ್ಲುತ್ತದೆ. ಅದರ ಕೈಯಲ್ಲಿ ಎಲ್ಲರೂ ಸಾಯುತ್ತಾರೆ. ಆದರೆ ಹಾರುವ ಮುಂಚೆ ಅದು ಎಡಗಡೆಯ ಕೊಂಡಿಯನ್ನು ಒಂದು ಕ್ಷಣ ಎತ್ತುತ್ತದೆ. ಅದನ್ನು ಗುರುತಿಸಿದವನು ಬದುಕುತ್ತಾನೆ.

"ನೋಡು, ಇದು ಹೇಳಿ ಹೊಡಿತೈತಿ" ಎಂದಳು ಅಕ್ಕ. "ಸತ್ತೆ ಅಂದ್ರ ನಾನ ನೋಡಲಿಲ್ಲ ಅಂತ ಅರ್ಥ. ಊರಾಗಿನ ಮಂದಿ ಹೇಳದ ಹೊಡಿತಾರ."

ಕತ್ತಿಯ ಬಗ್ಗೆಯೂ ಆಕೆಗೆ ಗೌರವವಿತ್ತು. ಕೆಲವು ಆಟಗಳಲ್ಲಿ ಗುಂಡಿ ಒತ್ತಿದ ಮೇಲೆ ಕೈ ಎತ್ತಲು ಅರೆಗಳಿಗೆ ಬೇಕು, ಅಷ್ಟರಲ್ಲಿ ವೈರಿ ಹೊಡೆದಿರುತ್ತಾನೆ. ಇದರಲ್ಲಿ ಬೆರಳು ಮತ್ತು ಕತ್ತಿಯ ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಮೊದಲ ಊರಿನ ಸಂಗೀತ ಹೇಗಿತ್ತೆಂದರೆ, ಆಡದಿದ್ದಾಗಲೂ ಹುಡುಗನನ್ನು ಅಲ್ಲಿನ ಬಾವಿಯ ಪಕ್ಕ ನಿಲ್ಲಿಸಿ, ಅದನ್ನು ಕೇಳುತ್ತ ಅಕ್ಕ ತಂತಿ ಬೆಸೆಯುತ್ತಿದ್ದಳು.

ಬಲಪುಟ ಇನ್ನೂ ಬೇಗ ತುಂಬಿತು. ನಾಲ್ಕನೆಯ ಸೀಮೆಗೆ ಹೋದರೆ ಹುಡುಗನ ಕತ್ತಿ ಯಾವ ಪ್ರಾಣಿಗೂ ನಾಟುವುದಿಲ್ಲ. ಹಿಂದಿನ ಕೆಸರಿಗೆ ಮರಳಿ ನೂರಾರು ಕಪ್ಪೆ ಹೊಡೆದು ಬಲ ಏರಿಸಿಕೊಂಡು ಬರಬೇಕು. ಅಕ್ಕನಿಗೆ ಮೂರು ಸಂಜೆ ಹಿಡಿಯಿತು. ಮೂರನೆಯ ಸಂಜೆ ಹ್ಯಾಂಡಲ್ ಕೆಳಗಿಟ್ಟು "ಇದು ಆಟ ಅಲ್ಲ, ಕೂಲಿ" ಎಂದಳು. "ಮುಂದ ಏನು ಇಡಬೇಕಂತ ಅವ್ರಿಗೆ ತಿಳಿಲಿಲ್ಲ, ಕಪ್ಪಿ ಇಟ್ರು. ನಮ್ಮ ಹೊತ್ತಿಗೆ ಕಿಮ್ಮತ್ತಿಲ್ಲೇನು?"

ನಾನು 'ಈ ಭಾಗ ಸ್ವಲ್ಪ ಬೇಸರ ತರಿಸುತ್ತದೆ' ಎಂದು ಬರೆದೆ. ಅಕ್ಕ ಪುಸ್ತಕ ಕಸಿದುಕೊಂಡು ಓದಿದಳು.

"ನಾ ಹಂಗ ಅಂದೀನೇನು?"

"ಬರವಣಿಗಿಯೊಳಗ ಅಷ್ಟು ಖಾರ ಇರಬಾರದ್ರಿ ಅಕ್ಕಾ."

"ಕೂಲಿ ಮಾಡಿಸ್ತೈತಿ ಅಂದೀನಿ. ಕೂಲಿ ಅಂತನ ಬರಿ. ನಿನಗ ಎಲ್ಲಾದಕ್ಕೂ ನೀರು ಬೆರಸೂ ರೂಢಿ ಐತಿ."

ಹೊಡೆದು ಹಾಕಿ ಮತ್ತೆ ಬರೆದೆ. ಸಿಟ್ಟಿನಲ್ಲೂ ಆಕೆ ನ್ಯಾಯ ಬಿಡುತ್ತಿರಲಿಲ್ಲ ಎಂಬುದಕ್ಕೆ ಅದೇ ಕಪ್ಪೆಗಳ ವಿಷಯವೇ ಸಾಕ್ಷಿ. ಹಟ್ಟಿಯಲ್ಲಿ ಚಿನ್ನದ ಗಣಿಯ ಕೆಲಸಕ್ಕಿದ್ದ ಒಬ್ಬರು ರಜೆಯ ದಿನ ಬಂದು ಆಡುತ್ತಿದ್ದರು. ಅವರಿಗೆ ಆ ಕೆಸರೇ ಇಷ್ಟ. "ಇಲ್ಲಿ ಒಂದು ಕಪ್ಪಿ ಹೊಡದ್ರ ಒಂದು ಅಂಕಿ ಏರ್ತೈತ್ರಿ. ನಾ ಮಾಡಿದ್ದು ನನಗ ಕಾಣ್ತೈತಿ. ಭೂಮ್ಯಾಗ ಇಳದು ಎಂಟು ತಾಸು ಕಲ್ಲು ಹೊಡದ್ರ ನನಗೇನು ಕಾಣ್ತೈತಿ?" ಎಂದರು. ಅಕ್ಕ ನೋಟ್ ಬುಕ್ಕನ್ನು ನನ್ನ ಕಡೆ ಸರಿಸಿ, "ಇದನ್ನ ಎಡಕ್ಕ ಬರಿ" ಎಂದಳು. ಹೀಗೆ ಕಪ್ಪೆಗಳು ಎರಡೂ ಪುಟದಲ್ಲಿ ಬಂದವು.

ಆಟದ ಸ್ಥಿತಿಯನ್ನು ಉಳಿಸಿಡಲು ಆ ಕ್ಯಾಸೆಟ್ಟಿನೊಳಗೆ ಒಂದು ಸಣ್ಣ ಬಿಲ್ಲೆ ಸೆಲ್ ಇತ್ತು. ಒಂದು ಸೋಮವಾರ ನಾನು ಹೋದಾಗ ಅಕ್ಕ ಕ್ಯಾಸೆಟ್ಟನ್ನು ಬಿಚ್ಚಿ ಹಾಕಿಕೊಂಡು ಕೂತಿದ್ದಳು. ಸೆಲ್ ಸತ್ತು ಹನ್ನೊಂದು ಸಂಜೆಯ ಆಟ ಅಳಿಸಿಹೋಗಿತ್ತು. ಮುಖ ಕೆಂಪಗಿತ್ತು. ಗಡಿಯಾರದ ಅಂಗಡಿಯಿಂದ ಅದೇ ಅಳತೆಯ ಸೆಲ್ ತಂದು ಎರಡು ತಂತಿ ಬೆಸೆದು ಕೂರಿಸಿದಳು. ಟಿವಿಗೆ ಹಾಕಿದಾಗ ಹುಡುಗ ಮತ್ತೆ ಮೊದಲ ಊರಿನ ಬಾವಿಯ ಪಕ್ಕ ಬರಿಗೈಯಲ್ಲಿ ನಿಂತಿದ್ದ.

"ಮತ್ತ ಮೊದಲಿಂದ ಆಡ್ತೀರೇನ್ರಿ?"

"ಮತ್ತೇನು ಮಾಡ್ಲಿ? ಅರ್ಧಕ್ಕ ಬಿಟ್ಟು ಇದರ ಬಗ್ಗೆ ಮಾತಾಡಾಕ ನನಗೇನು ಹಕ್ಕೈತಿ?"

ಎರಡನೆಯ ಸಲ ಏಳೇ ಸಂಜೆಯಲ್ಲಿ ಅದೇ ಜಾಗಕ್ಕೆ ಬಂದಳು. ಒಂದು ಗುಹೆಯ ಬಾಗಿಲಲ್ಲಿ ಮುದುಕನೊಬ್ಬ ಪ್ರಶ್ನೆ ಕೇಳುತ್ತಾನೆ. ಮೂರು ಉತ್ತರ ಬರುತ್ತವೆ, ಒಂದನ್ನು ಆರಿಸಬೇಕು. ತಪ್ಪಿದರೆ ಗುಹೆಯ ಬುಡಕ್ಕೆ ವಾಪಸ್. ಭಾಷೆ ಗೊತ್ತಿದ್ದವರಿಗೆ ಅದು ಸುಲಭವಿದ್ದೀತು. ನಾವು ಆ ಅಕ್ಷರಗಳನ್ನು ಚಿತ್ರದಂತೆ ಬರೆದುಕೊಂಡೆವು. ಇದು ಏಣಿಯಂತೆ, ಇದು ಮಡಚಿದ ಕಾಲಿನಂತೆ. ಒಂದೊಂದೇ ತಪ್ಪನ್ನು ಹೊಡೆದು ಹಾಕುತ್ತ ನಾಲ್ಕು ದಿನಕ್ಕೆ ಬಾಗಿಲು ತೆರೆಯಿತು. ಅಂದು ಅಕ್ಕ ನನ್ನ ಬೆನ್ನಿಗೆ ಗುದ್ದಿದ್ದು ಮೂರು ದಿನ ನೋಯುತ್ತಿತ್ತು. ಆಕೆ ನಕ್ಕದ್ದನ್ನು ಕಂಡ ಕೆಲವೇ ದಿನಗಳಲ್ಲಿ ಅದೊಂದು.

ಆಕೆಯ ದೊಡ್ಡ ಸಿಟ್ಟು ಆಟದೊಳಗಿನ ಹುಡುಗಿಯ ವಿಷಯದಲ್ಲಿ. ಎರಡನೆಯ ಸೀಮೆಯಿಂದ ಒಬ್ಬ ಹುಡುಗಿ ಕೋಲು ಹಿಡಿದು ಹುಡುಗನ ಹಿಂದೆ ನಡೆಯುತ್ತಾಳೆ. ಅವನಿಗೆ ಪೆಟ್ಟಾದಾಗಲೆಲ್ಲ ಕೋಲೆತ್ತಿ ಗಾಯ ಮಾಯಿಸುತ್ತಾಳೆ. ಆಕೆಯನ್ನು ನಾವು ನಡೆಸಲು ಆಗುವುದಿಲ್ಲ. ಕೊನೆಯ ಕೋಟೆಗೆ ಬಂದಾಗ ಆಕೆಯನ್ನು ಹಿಡಿದು ಗೋಪುರದಲ್ಲಿ ಇಡುತ್ತಾರೆ. ಅಲ್ಲಿಂದ ಮುಂದೆ ಆಕೆ ಕೈಕಟ್ಟಿ ನಿಂತೇ ಇರುತ್ತಾಳೆ.

"ಇಷ್ಟು ದಿನ ಇವನ ಜೀವ ಉಳಿಸಿದಾಕಿ" ಎಂದಳು ಅಕ್ಕ, ಧ್ವನಿ ಏರಿಸದೆ. "ಆ ಕೋಲಿಲೆ ಒಂದು ಬಾಗಿಲ ಒಡಿಯಾಕ ಬರಂಗಿಲ್ಲೇನು? ಇಷ್ಟು ಬುದ್ಧಿವಂತ್ರು ಇಂಥಾ ಆಟ ಕಟ್ಟಿ, ಆಕಿ ಕೈಗೆ ಒಂದು ಗುಂಡಿ ಕೊಡಲಿಲ್ಲಲ್ಲ. ಬರಿ ಇದನ್ನ. ನೀರು ಬೆರಸಬ್ಯಾಡ."

ನಾನು ನೀರು ಬೆರೆಸದೆ ಬರೆದೆ. ನೋಟ್ ಬುಕ್ಕನ್ನು ಅಕ್ಕ ಮೊಳೆಗೆ ಸಿಕ್ಕಿಸಿ ಗೋಡೆಗೆ ತೂಗುಹಾಕಿದಳು. ಲಾರಿ ಡ್ರೈವರೊಬ್ಬ ಅದನ್ನು ನಿಂತು ಓದಿ, "ಇಷ್ಟು ಬೈದೀರಿ, ಹಂಗಾರ ಆಡಬೇಕೋ ಬ್ಯಾಡೋ?" ಎಂದು ಕೇಳಿದ. "ಬೈಯಾಕ ಯೋಗ್ಯ ಐತಿ ಅಂತನ ಬೈದೀನಿ, ಆಡು" ಎಂದಳು.

ಆ ಬೇಸಿಗೆಗೆ ಮುಂಚೆ ನಮ್ಮ ಶಾಲೆಯ ಹತ್ತನೇ ತರಗತಿಯ ಒಬ್ಬ ಹುಡುಗ ತಿಂಗಳುಗಟ್ಟಲೆ ಶಾಲೆ ತಪ್ಪಿಸಿದ್ದು ಗೊತ್ತಾಯಿತು. ಅವನ ತಂದೆಗೆ ಅಕ್ಕಿ ಗಿರಣಿ ಇತ್ತು, ಶಾಲೆಯ ಕಮಿಟಿಯಲ್ಲೂ ಅವರಿದ್ದರು. ಹುಡುಗ ಹೋಗುತ್ತಿದ್ದದ್ದು ಇನ್ನೊಂದು ಓಣಿಯಲ್ಲಿ ಕದ್ದು ನಡೆಯುತ್ತಿದ್ದ ಜೂಜಿನ ಮಷಿನುಗಳಿಗೆ. ಶಾಲೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಆದರೆ ಆ ಮಷಿನುಗಳ ಹಿಂದೆ ಇದ್ದವರು ದೊಡ್ಡ ಮಂದಿ. ಅಕ್ಕನ ಹಿಂದೆ ಯಾರೂ ಇರಲಿಲ್ಲ. ಗಿರಣಿಯವರು ಅಕ್ಕನ ಮೇಲೆ ದೂರು ಕೊಟ್ಟರು. ಟಿವಿ ರಿಪೇರಿ ಹೆಸರಿನಲ್ಲಿ ಜೂಜು ನಡೆಸುತ್ತಾಳೆ, ಗಂಡಸರನ್ನು ಕೂಡಿಹಾಕಿಕೊಳ್ಳುತ್ತಾಳೆ, ಮಕ್ಕಳನ್ನು ಕೆಡಿಸುತ್ತಾಳೆ ಎಂದು. ಪೊಲೀಸರು ಬಂದು ಮೂರು ಟಿವಿ, ಗೇಮಿನ ಪೆಟ್ಟಿಗೆಗಳು, ಎಲ್ಲ ಕ್ಯಾಸೆಟ್ಟು, ಗೋಡೆಯ ಮೇಲಿದ್ದ ಆ ನೋಟ್ ಬುಕ್ಕು, ಎಲ್ಲವನ್ನೂ ಜೀಪಿನಲ್ಲಿ ಹಾಕಿಕೊಂಡು ಹೋದರು. ಗುರುವಾರ ಠಾಣೆಗೆ ಬಂದು ಹೇಳಿಕೆ ಕೊಡಬೇಕೆಂದರು.

ಬುಧವಾರ ಸಂಜೆ ಅಕ್ಕ ಖಾಲಿ ಅಂಗಡಿಯಲ್ಲಿ ಕೂತಿದ್ದಳು.

"ನಾಳೆ ನೀ ಬರ್ತೀಯೇನು?" ಎಂದಳು. ಆಕೆ ತನಗೆಂದು ನನ್ನ ನೆರವು ಕೇಳಿದ್ದು ಅದೇ ಮೊದಲು. "ಜಾಸ್ತಿ ಏನೂ ಬ್ಯಾಡ. ಒಂದು ವರ್ಷ ದಿನಾ ಇಲ್ಲೆ ಕುಂತೀನಿ, ಪಣ ಕಟ್ಟಿದವ್ರನ್ನ ಹೊರಗ ಹಾಕಿದ್ದು ನೋಡೀನಿ, ನಮ್ಮ ಶಾಲಿ ಆ ಹುಡುಗನ್ನ ಇಲ್ಲಿ ಒಂದು ದಿನಾನೂ ನೋಡಿಲ್ಲ. ಇಷ್ಟ ಹೇಳು. ನೀ ಟೀಚರ್, ನಿನ್ನ ಮಾತು ಕೇಳ್ತಾರ."

"ಬರ್ತೀನ್ರಿ ಅಕ್ಕಾ."

"ಹತ್ತು ಗಂಟೆಗೆ."

"ಬರ್ತೀನಿ."

ಗುರುವಾರ ಬೆಳಿಗ್ಗೆ ಶಾಲೆಗೆ ಕಾಲಿಡುತ್ತಿದ್ದಂತೆ ಹೆಡ್‌ಮಾಸ್ತರರು ಕರೆದರು. "ನೀವು ಆ ಅಂಗಡ್ಯಾಗ ಕುಂದರತೀರಂತ ಕಮಿಟಿಯವ್ರಿಗೆ ಗೊತ್ತಾಗೇತಿ. ಇವತ್ತು ಠಾಣೆ ಕಡೆ ಕಂಡ್ರ ನಾಳೆ ಶಾಲಿ ಕಡೆ ಬರೂದು ಬ್ಯಾಡ" ಎಂದರು. ಆ ವಾರವೇ ಲಿಂಗಸುಗೂರಿನಿಂದ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ಠಾಣೆಗೆ ಹೋದ ಹುಡುಗಿ ಎಂದರೆ ಸಂಬಂಧ ಮುರಿಯುತ್ತದೆ ಎಂದು ನನ್ನ ಮನಸ್ಸು ನನಗೇ ಹೇಳಿತು. ಹತ್ತು ಗಂಟೆಗೆ ನಾನು ಎಂಟನೇ ತರಗತಿಗೆ ಸಂಧಿ ಕಲಿಸುತ್ತಿದ್ದೆ. ನಾಲ್ಕೂವರೆಗೆ ಹಿಂದಿನ ಗೇಟಿನಿಂದ ಹೊರಬಿದ್ದು, ಬಸ್ ಸ್ಟ್ಯಾಂಡಿಗೆ ಹೋಗದೆ, ಊರ ಹೊರಗೆ ರಸ್ತೆಯಲ್ಲಿ ಕೈ ಮಾಡಿ ಒಂದು ಟೆಂಪೋ ಹತ್ತಿ ಮಸ್ಕಿಗೆ ಹೋದೆ.

ಠಾಣೆಯಲ್ಲಿ ನಡೆದದ್ದನ್ನು ನನಗೆ ಹೇಳಿದವನು ಅಲ್ಲಿಗೆ ಚಹಾ ಒಯ್ಯುತ್ತಿದ್ದ ಹೋಟೆಲಿನ ಮುದುಕ. ಅಕ್ಕ ಒಬ್ಬಳೇ ಬಂದಳಂತೆ. ಗಿರಣಿಯವರ ಕಡೆ ಏಳೆಂಟು ಜನ. ಫೌಜದಾರರು ಜೂಜಿನ ಮಾತು ಎತ್ತಿದಾಗ ಅಕ್ಕ, "ಸಾಹೇಬ್ರ, ಜೂಜಿನಾಗ ಕಲತಾಂವ ಕಲೀದಾಂವ ಇಬ್ರೂ ಒಂದ. ಈ ಆಟ ನೀವು ಆಡಿ ನೋಡ್ರಿ. ತಾಸಿನೊಳಗ ನಿಮ್ಮ ಕೈ ಸುಧಾರಿಸಲಿಲ್ಲಂದ್ರ ನಾನ ಅಂಗಡಿ ಮುಚ್ಚತೀನಿ" ಎಂದಳಂತೆ. ಜಪ್ತಿ ಮಾಡಿದ ಟಿವಿಯನ್ನೇ ಮೇಜಿನ ಮೇಲೆ ಇಟ್ಟು ತಂತಿ ಸಿಕ್ಕಿಸಿ ಅದೇ ಕ್ಯಾಸೆಟ್ಟು ಹಾಕಿದಳು. ಫೌಜದಾರರು ನಗುತ್ತ ಹ್ಯಾಂಡಲ್ ಹಿಡಿದರು. ಏಡಿ ಅವರನ್ನು ಕೊಂದಿತು. ಮತ್ತೆ ಕೊಂದಿತು. ನಾಲ್ಕನೆಯ ಸಲ ಸತ್ತಾಗ ನಗು ಹೋಗಿತ್ತು.

"ಅದರ ಎಡಗಡಿ ಕೊಂಡಿ ನೋಡ್ರಿ ಸಾಹೇಬ್ರ. ಎತ್ತಿದ ಕೂಡಲೆ ಸರೀರಿ."

ಎಂಟು ಸಲ ಸತ್ತು, ಒಂಬತ್ತನೆಯ ಸಲ ಏಡಿಯನ್ನು ಕೆಡವಿದರು. ಸುತ್ತ ನಿಂತ ಪೊಲೀಸರು ಚಪ್ಪಾಳೆ ಹೊಡೆದರಂತೆ. ಫೌಜದಾರರು ಹ್ಯಾಂಡಲ್ ಇಟ್ಟು, ಹಣೆ ಒರೆಸಿಕೊಂಡು, "ಇದು ಜೂಜಲ್ಲ, ಇದರಾಗ ನಸೀಬಿನ ಕೆಲಸಿಲ್ಲ" ಎಂದು ದೂರು ಮುಗಿಸಿದರು.

ಅಲ್ಲಿಗೆ ಅಕ್ಕ ಗೆದ್ದಳು ಎಂದು ಬರೆದು ನಿಲ್ಲಿಸಬಹುದಿತ್ತು. ಗೆಲ್ಲಲಿಲ್ಲ. ಅಂಗಡಿಯ ಮಾಲೀಕ ಗಿರಣಿಯವರಿಗೆ ಬೀಗನಾಗಬೇಕು. ತಿಂಗಳೊಳಗೆ ಖಾಲಿ ಮಾಡು ಎಂದ. ಬೇರೆ ಕಡೆ ಮಳಿಗೆ ಕೇಳಿದರೆ ಒಬ್ಬರೂ ಕೊಡಲಿಲ್ಲ. ಜಪ್ತಿಯಿಂದ ವಾಪಸ್ ಬಂದ ಟಿವಿಗಳಲ್ಲಿ ಒಂದರ ಗಾಜು ಸೀಳಿತ್ತು. ನೋಟ್ ಬುಕ್ಕು ಬರಲೇ ಇಲ್ಲ. ಜೀಪಿನ ಕುಲುಕಾಟಕ್ಕೆ ಕ್ಯಾಸೆಟ್ಟಿನ ಸೆಲ್ಲಿನ ಬೆಸುಗೆ ಬಿಟ್ಟು, ಕೊನೆಯ ಕೋಟೆಯವರೆಗೆ ಆಡಿದ್ದೆಲ್ಲ ಮತ್ತೆ ಅಳಿಸಿಹೋಗಿತ್ತು. ಅಕ್ಕ ಸಾಮಾನು ಕಟ್ಟಿಕೊಂಡು ಲಿಂಗಸುಗೂರಿಗೆ ಹೋದಳು. ಆ ಓಣಿಯ ಜೂಜಿನ ಮಷಿನುಗಳು ಮುಂದೆಯೂ ಬಹಳ ದಿನ ನಡೆದವು. ನನ್ನನ್ನು ನೋಡಲು ಬಂದ ಗಂಡಿನವರು ಉಪ್ಪಿಟ್ಟು ತಿಂದು ಹೋದವರು ತಿರುಗಿ ಸುದ್ದಿ ಕಳಿಸಲಿಲ್ಲ. ಮರುವರ್ಷ ಶಾಲೆಯವರು ನನ್ನನ್ನೂ ತೆಗೆದರು. ಯಾವುದನ್ನು ಉಳಿಸಿಕೊಳ್ಳಲು ನಾನು ಹಿಂದಿನ ಗೇಟಿನಿಂದ ಓಡಿದ್ದೆನೋ ಅದರಲ್ಲಿ ಒಂದೂ ಉಳಿಯಲಿಲ್ಲ. ಉಳಿದಿದ್ದರೆ ನನ್ನ ತಪ್ಪು ಸಣ್ಣದಾಗುತ್ತಿತ್ತು ಎಂದೂ ಅಲ್ಲ.

ಆಮೇಲೆ ನನಗೆ ಸರ್ಕಾರಿ ಶಾಲೆಯ ನೌಕರಿ ಸಿಕ್ಕಿತು, ಲಿಂಗಸುಗೂರು ತಾಲ್ಲೂಕಿನಲ್ಲಿ. ಅಕ್ಕ ಅಲ್ಲಿ ಅಣ್ಣನ ಮನೆಯಲ್ಲಿದ್ದು, ಬಜಾರಿನಲ್ಲಿ ಹತ್ತು ಅಡಿಯ ಒಂದು ಮಳಿಗೆ ಹಿಡಿದು ಟಿವಿ, ಮಿಕ್ಸರ್, ಫ್ಯಾನು ರಿಪೇರಿ ಮಾಡುತ್ತಿದ್ದಳು. ಎರಡು ತಿಂಗಳು ಆ ದಾರಿಯನ್ನೇ ತಪ್ಪಿಸಿ ಓಡಾಡಿ, ಒಂದು ಶನಿವಾರ ಹೋಗಿ ಎದುರಿಗೆ ನಿಂತೆ.

"ಅಕ್ಕಾ, ನಾನ್ರಿ."

"ಕಾಣ್ತೈತಿ."

"ಅವತ್ತು ನಾ ಬರಬೇಕಾಗಿತ್ತು. ಅಂಜಿಕಿ ಆತ್ರಿ."

ಕೈಯಲ್ಲಿದ್ದ ಫ್ಯಾನಿನ ಕಾಯಿಲ್ ಕೆಳಗಿಟ್ಟು ನನ್ನನ್ನು ನೋಡಿದಳು. "ಅಂಜಿಕಿ ನನಗೂ ಇತ್ತು. ಬರಂಗಿಲ್ಲ ಅಂತ ಬುಧವಾರನ ಹೇಳಿದ್ರ ನಾ ಆ ಹಟ್ಟಿ ಗಣಿಯವ್ರನ್ನ ಕರಕೊಂಡು ಹೋಗ್ತಿದ್ದೆ. ನೀ ಬರ್ತೀನಿ ಅಂದಿ. ಎರಡು ಸಲ ಅಂದಿ. ನಾ ಠಾಣೆ ಬಾಗಿಲ ಕಡೆ ನೋಡಿಕೋತ ಕುಂತೆ. ನೀ ಹೇಳದ ಹೊಡದಿ ನನ್ನ."

ನಾನು ಅತ್ತುಬಿಟ್ಟೆ. ಆಕೆ ಸಮಾಧಾನ ಮಾಡಲಿಲ್ಲ. ಪಕ್ಕದ ಹೋಟೆಲಿಗೆ ಎರಡು ಬೆರಳು ತೋರಿಸಿದಳು.

"ಸಿಟ್ಟು ಹೋಗಿಲ್ಲ. ಚಹಾ ಕುಡಿ."

ಅಂದಿನಿಂದ ಶನಿವಾರ ಶನಿವಾರ ಹೋಗುತ್ತಿದ್ದೆ. ಸಿಟ್ಟು ಹೋಯಿತೋ ಇಲ್ಲವೋ ಎಂದು ಆಕೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜಪಾನಿನ ಆ ಆಟ ಕಟ್ಟಿದವರನ್ನು ಆಗಲೂ ಬೈಯುತ್ತಿದ್ದಳು. ಬೈಯುವಾಗ ಅವರು ಪಕ್ಕದ ಓಣಿಯಲ್ಲೇ ಇದ್ದಾರೇನೋ ಅನ್ನಿಸುತ್ತಿತ್ತು.

ಎರಡು ವರ್ಷ ಕಳೆದ ಮೇಲೆ ಅಕ್ಕನಿಗೆ ಹೊಟ್ಟೆ ನೋವು ಶುರುವಾಯಿತು. ಅಣ್ಣ ರಾಯಚೂರಿಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದ. ಅದಾದ ಹದಿನೈದು ದಿನಕ್ಕೆ ನಾನು ನೋಡಲು ಹೋದಾಗ ಅವನು ನನ್ನನ್ನು ಅಂಗಳದಲ್ಲೇ ತಡೆದ. ಹೊಟ್ಟೆಯಲ್ಲಿ ಗಂಟಾಗಿದೆ, ಕೊಯ್ಯುವ ಹಂತ ದಾಟಿದೆ, ಹೆಚ್ಚೆಂದರೆ ಎರಡು ತಿಂಗಳು ಎಂದು ಡಾಕ್ಟರು ಅವನಿಗೆ ಹೇಳಿದ್ದರು. ಆಕೆಗೆ ಹೇಳಿರಲಿಲ್ಲ.

"ಆಕಿಗೆ ಹುಣ್ಣು ಅಂತ ಹೇಳೀವಿ. ಕೈ ಮುಗಿತೀನ್ರಿ ಟೀಚರ್, ನೀವು ಏನೂ ಅನಬ್ಯಾಡ್ರಿ" ಎಂದ.

ಒಳಗೆ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖ ಇಳಿದುಹೋಗಿತ್ತು. ಅತ್ತಿಗೆ ನೀರು ತರಲು ಹೋದ ಕೂಡಲೇ ಕೇಳಿದಳು.

"ಎಲ್ಲಾರೂ ನನ್ನ ಮುಂದ ನಗಾಕತ್ತಾರ. ಬಾಗಿಲ ಆಚೆ ಹೋಗಿ ಅಳಾಕತ್ತಾರ. ನನ್ನ ಹೊಟ್ಟಿ ಸುದ್ದಿ ನನಗ ಗೊತ್ತಿಲ್ಲ. ನೀ ಹೇಳು, ಏನಾಗೇತಿ?"

ಅಣ್ಣ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸುತ್ತಿದ್ದ, ಬೇಡ ಬೇಡ ಎಂದು. ಹುಣ್ಣಂತೆ ಎನ್ನುವುದು ಎಷ್ಟು ಸುಲಭವಿತ್ತು. ಆಗಲೂ ಹಿಂದಿನ ಗೇಟೊಂದು ತೆರೆದೇ ಇತ್ತು. ನಾನು ಆಕೆಯ ಕೈ ಹಿಡಿದು ಹೇಳಿದೆ. ಗಂಟು ಎಂದೆ. ಕೊಯ್ಯಲು ಬರುವುದಿಲ್ಲವಂತೆ ಎಂದೆ.

"ಎಷ್ಟು ದಿನ ಅಂದಾರ?"

"ಎರಡು ತಿಂಗಳು ಅಂದಾರ್ರಿ ಅಕ್ಕಾ."

ಅಕ್ಕ ಕಣ್ಣು ಮುಚ್ಚಿಕೊಂಡಳು. ನನ್ನ ಕೈ ಬಿಡಲಿಲ್ಲ. ಆಮೇಲೆ ಅಣ್ಣನನ್ನು ಕರೆದು, "ನಂದು ಕೆಲಸ ಬಾಕಿ ಐತೋ. ಹದಿನೈದು ದಿನ ತಿಂದ್ಯಲ್ಲೋ" ಎಂದು ಬೈದಳು. ಅವನು ಬಾಗಿಲಿಗೆ ತಲೆ ಚಚ್ಚಿಕೊಂಡು ಅತ್ತ. ಅತ್ತಿಗೆ ನನ್ನತ್ತ ನೋಡಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ.

ಮರುದಿನದಿಂದ ಅಕ್ಕ ಅಂಗಡಿಯ ಸಾಮಾನುಗಳನ್ನು ಮನೆಗೆ ತರಿಸಿಕೊಂಡಳು. ಬೇರೆಯವರ ಎಂಟು ಟಿವಿ, ಐದು ಮಿಕ್ಸರ್ ಆಕೆಯ ಹತ್ತಿರ ಉಳಿದಿದ್ದವು. ಹಾಸಿಗೆಯಲ್ಲಿ ಕೂತು, ಕೂರಲಾಗದ ದಿನ ಒರಗಿಕೊಂಡು, ಒಂದೊಂದನ್ನೇ ಸರಿಮಾಡಿದಳು. ಮೊ‍ದಮೊದಲು ಅತ್ತಿಗೆ ಸಿಡುಕಿದಳು. ಆಮೇಲೆ ಪಕ್ಕ ಕೂತು ದೀಪ ಹಿಡಿದಳು. ಒಂದು ಮಿಕ್ಸರ್ ಬಿಟ್ಟು ಎಲ್ಲವೂ ಮಾಲೀಕರ ಮನೆ ಮುಟ್ಟಿದವು. ಆ ಒಂದಕ್ಕೆ ಬೇಕಾದ ಸಾಮಾನು ಲಿಂಗಸುಗೂರಿನಲ್ಲಿ ಸಿಗಲಿಲ್ಲ. ಅದಕ್ಕೂ ಆಕೆ ಬೈದಳು. ಐದನೆಯ ವಾರದ ಒಂದು ಬೆಳಿಗ್ಗೆ ಹೋಗಿಬಿಟ್ಟಳು.

ನಾನು ಸತ್ಯ ಹೇಳಿದ್ದರಿಂದಲೇ ಆಕೆ ಎದೆಗುಂದಿ ಬೇಗ ಹೋದಳು ಎಂದು ಆ ಮನೆಯವರು ನಂಬಿದ್ದಾರೆ. ಮಣ್ಣು ಮಾಡುವ ದಿನ ನನ್ನನ್ನು ಒಳಗೆ ಬಿಡಲಿಲ್ಲ. ರಸ್ತೆಯ ಆಚೆ ಬದಿಗೆ ನಿಂತು ನೋಡಿದೆ. ಸಿಟ್ಟು ಬಂದಿತ್ತು, ಅವರ ಮೇಲೆ, ಆ ಡಾಕ್ಟರ ಮೇಲೆ, ಐದೇ ವಾರಕ್ಕೆ ಹೋಗಿಬಿಟ್ಟ ಆಕೆಯ ಮೇಲೂ. ಅಂಥ ಸಿಟ್ಟನ್ನು ಹೊತ್ತುಕೊಂಡು ತಲೆ ಎತ್ತಿ ನಿಲ್ಲಬಹುದು ಎಂಬುದನ್ನು ನನಗೆ ಕಲಿಸಿದವಳನ್ನು ಅಂದು ಹೊತ್ತುಕೊಂಡು ಹೋದರು.

ಆಕೆಯ ಅಣ್ಣ ಈಗಲೂ ಲಿಂಗಸುಗೂರಿನ ಬಜಾರಿನಲ್ಲಿ ಎದುರಾಗುತ್ತಾನೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ನಾನು ತಿರುಗಿಸುವುದಿಲ್ಲ.